ಪಕ್ಕದ ಮೇಜಿನ ರೀಡಿಂಗ್

ಮೂವತ್ತೊಂದು ವರ್ಷ ನಾನು ತುಮಕೂರಿನ ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಅಸಿಸ್ಟೆಂಟ್ ಆಗಿದ್ದೆ. ಮೇಷ್ಟರಲ್ಲ. ಆದರೆ ಯಾವ ಕಪಾಟಿನಲ್ಲಿ ಯಾವ ಲೆನ್ಸಿದೆ, ಯಾವ ಸ್ಟಾಪ್‌ವಾಚು ಎಷ್ಟು ಸುಳ್ಳು ಹೇಳುತ್ತದೆ ಎಂದು ಮೇಷ್ಟರುಗಳಿಗೆ ಹೇಳಿಕೊಡುತ್ತಿದ್ದವನು ನಾನೇ. ಥರ್ಮಾಮೀಟರ್ ಒಡೆದ ಹುಡುಗರನ್ನು ನಾನು ಕ್ಷಮಿಸಿದ್ದೇನೆ. ಬ್ಯಾಟರಿಯ ಆ್ಯಸಿಡ್ ಚೆಲ್ಲಿ ಪ್ಯಾಂಟು ತೂತು ಮಾಡಿಕೊಂಡವರಿಗೆ ನನ್ನ ಟವೆಲ್ ಕೊಟ್ಟಿದ್ದೇನೆ. ಕ್ಷಮಿಸದೆ ಬಿಟ್ಟದ್ದು ಒಂದೇ ಬಗೆಯವರನ್ನು. ತಮ್ಮ ಮೇಜಿನ ಮೇಲಿನ ಉಪಕರಣವನ್ನು ಮುಟ್ಟಿಯೂ ನೋಡದೆ, ಪಕ್ಕದ ಮೇಜಿನವನ ರೆಕಾರ್ಡ್ ಪುಸ್ತಕಕ್ಕೆ ಕತ್ತು ಚಾಚಿ ರೀಡಿಂಗ್ ಬರೆದುಕೊಳ್ಳುವವರು. ಅಂಥವರ ಪುಸ್ತಕವನ್ನು ಕಿತ್ತುಕೊಂಡು, "ಏನ್ಲಾ, ಅವನ ತಕ್ಕಡಿಯಲ್ಲಿ ನಿನ್ನ ಕಲ್ಲು ತೂಗ್ತೀಯಾ?" ಎಂದು ಇಡೀ ಲ್ಯಾಬಿಗೆ ಕೇಳಿಸುವಂತೆ ಕೇಳುತ್ತಿದ್ದೆ. ಅವರು ತಲೆ ತಗ್ಗಿಸುವುದನ್ನು ನೋಡಿ ನನಗೆ ಸಂತೋಷವಾಗುತ್ತಿತ್ತು. ಈಗ ಮುಚ್ಚಿಡುವುದೇನು.

ನಿವೃತ್ತನಾಗಿ ಹೊರಗೆ ಬಂದು ನೋಡಿದರೆ ಊರು ತುಂಬ ಅವರೇ ಇದ್ದರು. ದೊಡ್ಡವರಾಗಿ, ಹೊಟ್ಟೆ ಬಂದು, ಸೈಟು ಕೊಂಡು, ಬಡಾವಣೆ ಸಂಘದ ಪದಾಧಿಕಾರಿಗಳಾಗಿದ್ದರು.

ನಮ್ಮ ಮನೆಯಿಂದ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯ ಸರ್ಕಲ್ಲಿನಲ್ಲಿ ಒಂದು ಎಲೆಕ್ಟ್ರಾನಿಕ್ ಬೋರ್ಡಿದೆ. ಊರಿನ ಗಾಳಿಯ ಗುಣಮಟ್ಟವನ್ನು ಅಂಕಿಯಲ್ಲೂ ಬಣ್ಣದಲ್ಲೂ ತೋರಿಸುತ್ತದೆ. ಅದರ ಕೆಳಗೆ ಟೀ ಅಂಗಡಿ. ಒಂದು ದಿನ ಅಲ್ಲಿ ನಿಂತಿದ್ದಾಗ ಒಬ್ಬ ಮಹಾಶಯರು ತಲೆ ಎತ್ತಿ ನೋಡಿ, "ನೂರಾ ನಲವತ್ತು ಬಂದೈತೆ ಕಣ್ರೀ, ಹೋದ ವಾರ ಎಂಬತ್ತಿತ್ತು. ಪರವಾಗಿಲ್ಲ, ನಮ್ಮೂರು ಸುಧಾರಿಸ್ತಾ ಐತೆ" ಎಂದರು. ಪಕ್ಕದವರು ಹೌದು ಹೌದು ಎಂದು ಬನ್ನು ಅದ್ದಿಕೊಂಡರು. ಪರೀಕ್ಷೆಯ ಅಂಕ ಬಿಟ್ಟು ಬೇರೆ ಅಂಕಿಯನ್ನೇ ಕಂಡಿಲ್ಲದ ಜನ. ತಿದ್ದಲು ಹೋಗಲಿಲ್ಲ. ಅಂಥವರನ್ನು ತಿದ್ದುವುದಕ್ಕಿಂತ ನೋಡಿ ನಗುವುದೇ ಲೇಸು ಎಂಬುದು ಆಗ ನನ್ನ ಸಿದ್ಧಾಂತವಾಗಿತ್ತು.

ಆ ಅಂಕಿ ಏನೆಂದು ನನಗೆ ಗೊತ್ತಿತ್ತು. ಗಾಳಿಯಲ್ಲಿರುವ ಧೂಳು, ಹೊಗೆ, ವಿಷದ ಅನಿಲಗಳನ್ನು ಬೇರೆ ಬೇರೆಯಾಗಿ ಅಳೆದು, ಒಂದೊಂದಕ್ಕೂ ಒಂದೊಂದು ಅಂಕಿ ಕಟ್ಟಿ, ಅವುಗಳಲ್ಲಿ ಯಾವುದು ಎಲ್ಲಕ್ಕಿಂತ ಕೆಟ್ಟದ್ದೋ ಅದನ್ನೇ ಊರಿನ ಅಂಕಿ ಎಂದು ಹಾಕುತ್ತಾರೆ. ಐವತ್ತರೊಳಗಿದ್ದರೆ ಉತ್ತಮ, ನೂರರವರೆಗೆ ತೃಪ್ತಿಕರ, ಇನ್ನೂರರವರೆಗೆ ಮಧ್ಯಮ, ಅಲ್ಲಿಂದಾಚೆ ಕೆಟ್ಟದ್ದು, ಬಹಳ ಕೆಟ್ಟದ್ದು, ಅತಿ ಕೆಟ್ಟದ್ದು. ಹಸಿರಿನಿಂದ ಹೊರಟು ಹಳದಿ, ಕಿತ್ತಳೆ, ಕೆಂಪು ದಾಟಿ ಕಂದುಗೆಂಪಿಗೆ ಮುಟ್ಟುತ್ತದೆ. ಹೆಚ್ಚಿನ ದಿನಗಳಲ್ಲಿ ಊರಿನ ಮರ್ಯಾದೆ ಕಳೆಯುವುದು ಕಣ್ಣಿಗೆ ಕಾಣುವ ಧೂಳಲ್ಲ. ಕಾಣುವ ಧೂಳನ್ನು ಮೂಗಿನ ಕೂದಲು ತಡೆಯುತ್ತದೆ, ಸೀನಿದರೆ ಹೋಗುತ್ತದೆ. ತಲೆಗೂದಲ ದಪ್ಪದ ಇಪ್ಪತ್ತೈದರಲ್ಲಿ ಒಂದು ಪಾಲೂ ಇಲ್ಲದ ಹೊಗೆಯ ಕಣ ಇದೆಯಲ್ಲ, ಅದು ಯಾರನ್ನೂ ಕೇಳದೆ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಅಲ್ಲಿಂದ ರಕ್ತಕ್ಕೆ ಸೇರುತ್ತದೆ, ಹೃದಯಕ್ಕೂ ತೊಂದರೆ ಕೊಡುತ್ತದೆ. ಇದನ್ನೆಲ್ಲ ನಾನು ಓದಿಕೊಂಡಿದ್ದೆ. ಓದಿಕೊಂಡಿದ್ದೇನೆ ಎಂಬ ಗತ್ತೂ ಇತ್ತು.

"ತೃಪ್ತಿಕರ" ಎಂಬ ಮಾತಿನ ಕೆಳಗೆ ಬೋರ್ಡಿನಲ್ಲೇ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿದೆ. ಸೂಕ್ಷ್ಮ ದೇಹದವರಿಗೆ ಉಸಿರಾಟದಲ್ಲಿ ಸ್ವಲ್ಪ ತೊಂದರೆಯಾಗಬಹುದು, ಅಂತ. ಯಾರ ತೃಪ್ತಿ ಎಂದು ಯಾರೂ ಕೇಳುವುದಿಲ್ಲ. ಆ ಸೂಕ್ಷ್ಮ ದೇಹದವರಲ್ಲಿ ಒಬ್ಬಳು ನನ್ನ ಹೆಂಡತಿ.

ಅವಳು ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ನಮ್ಮ ಬಡಾವಣೆಯ ಅರ್ಧ ಹೆಂಗಸರ ಅಳತೆ ಅವಳ ನೋಟ್‌ಬುಕ್ಕಿನಲ್ಲಿದೆ, ಆದರೂ ಬಂದವರನ್ನೆಲ್ಲ ನಿಲ್ಲಿಸಿ ಹೊಸದಾಗಿ ಟೇಪು ಹಿಡಿಯುತ್ತಾಳೆ. "ಹಳೇ ಅಳತೆ ಇದೆಯಲ್ಲಕ್ಕಾ" ಎಂದರೆ, "ಅದು ಆವತ್ತಿನ ಮೈಗೆ ಕಣೇ" ಎನ್ನುತ್ತಾಳೆ. ನಾನು ಇದನ್ನು ವೃಥಾ ಶ್ರಮ ಎಂದು ಹಂಗಿಸುತ್ತಿದ್ದೆ. ನಾಲ್ಕು ವರ್ಷದ ಹಿಂದೆ ಅವಳಿಗೆ ಉಬ್ಬಸ ಶುರುವಾಯಿತು. ಮೊದಲು ಬೆಳಗಿನ ಕೆಮ್ಮು, ಆಮೇಲೆ ಮೆಟ್ಟಿಲು ಹತ್ತುವಾಗ ಸಿಳ್ಳೆಯಂಥ ಉಸಿರು. ಡಾಕ್ಟರು ಪಫ್ ಬರೆದುಕೊಟ್ಟು, ಧೂಳು ಹೊಗೆಗಳಿಂದ ದೂರ ಇರಿ ಎಂದರು. ತುಮಕೂರಿನಲ್ಲಿ ಇದ್ದುಕೊಂಡು ಧೂಳಿನಿಂದ ದೂರ ಇರುವುದು ಹೇಗೆಂದು ಅವರು ಹೇಳಲಿಲ್ಲ. ಪಫ್ ತೆಗೆದುಕೊಂಡರೆ ಅದೇ ಚಟವಾಗುತ್ತದೆ ಎಂದು ಬ್ಲೌಸು ಹೊಲಿಸಲು ಬರುವ ಹೆಂಗಸರು ಹೇಳಿದ್ದರಿಂದ ಅವಳು ಅದನ್ನು ಗುಂಡಿಗಳ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದಳು. ಆ ಹೆಂಗಸರ ಬಗ್ಗೆ ನನ್ನ ಅಭಿಪ್ರಾಯವನ್ನು ಬರೆದರೆ ಈ ಹಾಳೆ ಸುಟ್ಟುಹೋಗುತ್ತದೆ.

ಸುಡುವ ಮಾತು ಬಂದಿದ್ದರಿಂದ ನಮ್ಮ ಎದುರು ಮನೆಯವರ ವಿಷಯ ಹೇಳಬೇಕು. ದೊಡ್ಡ ಹುದ್ದೆಯಲ್ಲಿದ್ದು ರಿಟೈರಾದವರು. ಬೆಳಗ್ಗೆ ಆರೂವರೆಗೆ ಸ್ನಾನ, ಹಣೆ ತುಂಬ ವಿಭೂತಿ, ಆಮೇಲೆ ಕಾಂಪೌಂಡಿನ ಮೂಲೆಯಲ್ಲಿ ಮಾವಿನೆಲೆ, ಹಾಲಿನ ಕವರು, ಸೊಸೆ ತರಿಸಿದ ಪಾರ್ಸೆಲ್ಲಿನ ರಟ್ಟು, ಎಲ್ಲವನ್ನೂ ಗುಡ್ಡೆ ಹಾಕಿ ಬೆಂಕಿ. ಕಸದ ಗಾಡಿ ಮನೆ ಮುಂದೆಯೇ ಹಾಡು ಹಾಕಿಕೊಂಡು ಬರುತ್ತದೆ. ಅದಕ್ಕೆ ಹಾಕಿದರೆ ಇವರ ಕೈ ಸವೆದುಹೋಗುತ್ತದೆ. ನಾನು ಹೋಗಿ ಕೇಳಿದ್ದಕ್ಕೆ, "ಎಲೆ ಸುಟ್ರೆ ಏನ್ರೀ ಆಗುತ್ತೆ? ಹೋಮದ ಹೊಗೆ ಇದ್ದಂಗೆ. ಕ್ರಿಮಿ ಸಾಯ್ತವೆ" ಎಂದರು.

"ಹೋಮಕ್ಕೆ ಹಾಲಿನ ಕವರ್ ಹಾಕ್ತಾರಾ ಸಾರ್?" ಎಂದೆ.

"ನಿಮ್ಗೆ ಎಲ್ಲದ್ರಲ್ಲೂ ಕೊಂಕು" ಎಂದು ಅವರು ಕೋಲಿನಿಂದ ಬೆಂಕಿ ಕೆದಕಿದರು. ಹೊಗೆ ನೆಟ್ಟಗೆ ನಮ್ಮ ಹೊಲಿಗೆ ಮೆಷಿನ್ನಿನ ಕಿಟಕಿಗೇ ಬಂತು.

ಅಮಾನಿಕೆರೆಯ ಏರಿ ಕಡೆ ವಾಕಿಂಗ್ ಹೋಗುವ ಗುಂಪು ಇದಕ್ಕಿಂತ ಮಜ. ಮಾಗಿಯ ಚಳಿಯಲ್ಲಿ ಬೆಳಗಿನ ಐದೂವರೆಗೆ ಮಂಕಿಕ್ಯಾಪು ತೊಟ್ಟು ಹೊರಡುತ್ತಾರೆ. ಬೆಳಗಿನ ಹವಾ ಅಮೃತವಂತೆ. ಚಳಿಗಾಲದ ಬೆಳಗ್ಗೆ ತಣ್ಣನೆಯ ಗಾಳಿ ನೆಲಕ್ಕೆ ಕವುಚಿ ಮಲಗಿರುತ್ತದೆ, ಹಿಂದಿನ ದಿನದ ಲಾರಿ ಹೊಗೆಯೆಲ್ಲ ಮೇಲೇಳಲಾರದೆ ಅದರ ಅಡಿಯಲ್ಲೇ ಸಿಕ್ಕಿರುತ್ತದೆ, ಬಿಸಿಲೇರಿದ ಮೇಲೇ ಅದು ಚದುರುವುದು. ಇದನ್ನು ಹೇಳಿದರೆ ಗುಂಪಿನ ಪ್ರಾಣಾಯಾಮದ ಗುರುಗಳು ನಕ್ಕು, "ನಮ್ಮ ಹಿರೀಕರು ದಡ್ಡರಾ?" ಎಂದರು. ಹಿರೀಕರ ಕಾಲದಲ್ಲಿ ಬಿ.ಎಚ್. ರಸ್ತೆಯಲ್ಲಿ ಲಾರಿಗಳ ಸಾಲು ಇರಲಿಲ್ಲ ಎಂದೆ. ಅಷ್ಟರಲ್ಲಿ ಅವರು ಒಂದು ಮೂಗಿನ ಹೊಳ್ಳೆ ಮುಚ್ಚಿ, ಇನ್ನೊಂದರಿಂದ ಊರಿನ ಡೀಸೆಲ್ಲನ್ನು ಎಣಿಸಿ ಎಣಿಸಿ ಒಳಗೆ ಎಳೆದುಕೊಳ್ಳುತ್ತಿದ್ದರು.

ಈ ಜನರ ಬಾಯಿ ಮುಚ್ಚಿಸಲೆಂದೇ ನಾನು ಒಂದು ಮೀಟರು ತರಿಸಿದೆ. ಅಂಗೈ ಅಗಲದ್ದು. ಗುಂಡಿ ಒತ್ತಿದರೆ ಎದುರಿನ ಗಾಳಿಯಲ್ಲಿ ಸಣ್ಣ ಕಣ ಎಷ್ಟಿದೆ ಎಂದು ತೋರಿಸುತ್ತದೆ. ಅದನ್ನು ಹಿಡಿದುಕೊಂಡು ಶಿರಾ ಗೇಟು, ಗುಬ್ಬಿ ಗೇಟು, ಬಸ್‌ಸ್ಟ್ಯಾಂಡು ಎಲ್ಲ ತಿರುಗಿದೆ. ಮೀಟರಿನ ಅಂಕಿಯೂ ಸರ್ಕಲ್ಲಿನ ಬೋರ್ಡಿನ ಅಂಕಿಯೂ ಒಂದೇ ಅಲ್ಲ, ಒಂದು ಈ ಕ್ಷಣದ ತೂಕ, ಇನ್ನೊಂದು ಇಡೀ ದಿನದ ಸರಾಸರಿಯಿಂದ ಕಟ್ಟಿದ ಲೆಕ್ಕ ಎಂದು ಕೇಳದವರಿಗೂ ವಿವರಿಸಿದೆ. ಬೋರ್ಡಿಗೆ ಅಂಕಿ ಕೊಡುವ ಯಂತ್ರ ಎಲ್ಲೋ ಒಂದು ಕಡೆ ಇರುತ್ತದೆ, ನಿಮ್ಮ ಮೂಗು ಇನ್ನೊಂದು ಕಡೆ ಇರುತ್ತದೆ, ಅದರ ಅಂಕಿ ನಿಮ್ಮ ಮೂಗಿಗೆ ಅನ್ವಯಿಸುವುದಿಲ್ಲ ಎಂದೂ ಹೇಳಿದೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಹೇಳಿದವನೇ ನಾನು.

ನಿಜ ಹೇಳುವುದಾದರೆ ಮೀಟರು ಹೆಚ್ಚು ತೋರಿಸಿದಷ್ಟೂ ನನಗೆ ಖುಷಿಯಾಗುತ್ತಿತ್ತು. ಎದುರು ಮನೆಯ ಬೆಂಕಿಯನ್ನು ದಿನವೂ ಕಿಟಕಿಯಲ್ಲಿ ಅಳೆದು, ಹೊತ್ತು ಹಾಕಿ, ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಒಂದು ತಿಂಗಳ ರೀಡಿಂಗು ಸೇರಿಸಿ ಪಾಲಿಕೆಗೆ ಅರ್ಜಿ ಕೊಟ್ಟು ಆ ವಿಭೂತಿಯ ಹಣೆಯಲ್ಲಿ ಬೆವರಿಳಿಸಬೇಕೆಂದು ನನ್ನ ಯೋಜನೆ.

ಹೋದ ಮಾಗಿಯಲ್ಲಿ ಹೆಂಡತಿಯ ಉಬ್ಬಸ ಜೋರಾಯಿತು. ಕೂತೇ ನಿದ್ದೆ ಮಾಡುವ ಹಾಗಾಯಿತು. ಡಾಕ್ಟರು, "ಹದಿನೈದು ದಿನ ಎಲ್ಲಾದ್ರೂ ಒಳ್ಳೆ ಗಾಳಿ ಇರೋ ಕಡೆ ಇದ್ದು ಬರಲಿ" ಎಂದರು. ಎರಡು ಮನೆಗಳಿದ್ದವು. ಗುಬ್ಬಿಯಲ್ಲಿ ನನ್ನ ತಮ್ಮನ ಮನೆ, ಕುಣಿಗಲ್ಲಿನಲ್ಲಿ ಅವಳ ಅಕ್ಕನ ಮನೆ. ಅವಳು ಗುಬ್ಬಿಗೆ ಹೋಗುತ್ತೇನೆ ಎಂದಳು. ತಮ್ಮನ ಮನೆಯಲ್ಲಿ ಗ್ಯಾಸ್ ಇದೆ, ಸೋಲಾರ್ ನೀರಿದೆ, ಕಿಟಕಿ ದೊಡ್ಡದು ಎಂದಳು. ನಾನು ಫೋನು ತೆಗೆದೆ. ಅದರಲ್ಲಿ ಊರಿನ ಹೆಸರು ಒತ್ತಿದರೆ ಗಾಳಿಯ ಅಂಕಿ ತೋರಿಸುವ ಒಂದು ಆ್ಯಪ್ ಇತ್ತು. ಗುಬ್ಬಿ ಎಪ್ಪತ್ತೊಂದು. ಕುಣಿಗಲ್ ನಲವತ್ತೆಂಟು, ಕಡು ಹಸಿರು.

"ನೋಡು, ನಲವತ್ತೆಂಟು" ಎಂದೆ. "ದೊಡ್ಡ ಕೆರೆ ಮಗ್ಗುಲಲ್ಲೇ ಮನೆ. ಅಷ್ಟು ದೊಡ್ಡ ಕುದುರೆ ಫಾರಂ ಅಲ್ಲಿ ಯಾಕಿಟ್ಟಿದಾರೆ ಅಂದ್ಕೊಂಡೆ? ಕುದುರೆಗೆ ಒಗ್ಗೋ ಗಾಳಿ ನಿಂಗೆ ಒಗ್ಗಲ್ವಾ?"

"ಅಕ್ಕನ ಮನೇಲಿ ಇನ್ನೂ ಸೌದೆ ನೀರೊಲೆ ಕಣ್ರೀ" ಎಂದಳು.

"ಅಂಕಿ ಮುಂದೆ ಒಲೆ ಗಿಲೆ ಎಲ್ಲ ಯಾಕೆ ತರ್ತೀಯ?" ಎಂದೆ. ಅವಳು ಬಟ್ಟೆ ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಮೀಟರನ್ನು ಜೊತೆಗೆ ಕಳಿಸಬಹುದಿತ್ತು. ಅದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಆದರೆ ಎದುರು ಮನೆಯವರ ಮೇಲಿನ ನೋಟ್‌ಬುಕ್ಕು ತುಂಬಲು ಇನ್ನೂ ಒಂಬತ್ತು ದಿನ ಬಾಕಿಯಿತ್ತು.

ಅವಳ ಅಕ್ಕ ಒಳ್ಳೆಯ ಹೆಂಗಸು. ನನ್ನನ್ನು ಮೊದಲಿನಿಂದಲೂ ಮೇಷ್ಟ್ರೇ ಎಂದೇ ಕರೆಯುತ್ತಾರೆ, ನಾನೂ ತಿದ್ದಲಿಲ್ಲ. ಅವರ ತಂಗಿಯನ್ನು ಬಿಟ್ಟು ಬರುವಾಗ ನಾನು ಅಂಗಳದಲ್ಲೇ ನಿಂತು, "ಇಲ್ಲಿಯ ಹವಾ ಬಹಳ ಚೆನ್ನಾಗಿದೆ, ನಾನು ನೋಡೇ ತಂದು ಬಿಟ್ಟಿರೋದು" ಎಂದು ಹೇಳಿ, ಒಳಗೆ ಕೂಡ ಹೋಗದೆ ಬಸ್ಸು ಹಿಡಿದೆ.

ಎರಡನೆಯ ದಿನ ಬೆಳಗ್ಗೆ ಫೋನು ಮಾಡಿದೆ. "ಸ್ವಲ್ಪ ಕೆಮ್ಮು" ಎಂದಳು. ಆ್ಯಪ್ ನೋಡಿದೆ, ಐವತ್ತೊಂದು. ಜಾಗ ಬದಲಾಗಿದ್ದಕ್ಕೆ ಇರಬೇಕು ಎಂದೆ. ಮೂರನೆಯ ದಿನ, "ಇಲ್ಲೂ ಎದೆ ಬಿಗೀತಿದೆ ಕಣ್ರೀ, ಹೊಗೆ ಜಾಸ್ತಿ" ಎಂದಳು. ನಲವತ್ತಾರು ಇತ್ತು. "ನಲವತ್ತಾರು ಇರೋ ಕಡೆ ಎದೆ ಯಾಕೆ ಬಿಗಿಯುತ್ತೆ? ಎಲ್ಲ ಮನಸ್ಸಿಂದು. ಚೆನ್ನಾಗಿ ಉಸಿರು ಎಳ್ಕೋ" ಎಂದೆ. ಎದುರು ಮನೆಯ ಬೆಂಕಿ ಅದೇ ಹೊತ್ತಿಗೆ ಹತ್ತಿಕೊಂಡಿತ್ತು. ನಾನು ಫೋನಿಟ್ಟು ಮೀಟರು ಹಿಡಿದು ಕಿಟಕಿಗೆ ಹೋದೆ. ನಾಲ್ಕನೆಯ ದಿನ ಕೇಳಿದ್ದಕ್ಕೆ, "ಪರವಾಗಿಲ್ಲ" ಎಂದಳು. ನೋಡಿದೆಯಾ, ನಾನು ಹೇಳಲಿಲ್ಲವೇ ಎಂದು ಮನಸ್ಸಿನಲ್ಲೇ ಬೀಗಿದೆ.

ಐದನೆಯ ದಿನ ಹನ್ನೊಂದು ಗಂಟೆಗೆ ಅಕ್ಕ ಫೋನು ಮಾಡಿದರು. "ಮೇಷ್ಟ್ರೇ, ಗಾಬರಿ ಬೀಳ್ಬೇಡಿ. ಆಸ್ಪತ್ರೆಗೆ ಸೇರ್ಸಿದೀವಿ. ಮಾತಾಡಕ್ಕೆ ಆಯ್ತಿಲ್ಲ ಅವ್ಳಿಗೆ" ಎಂದರು.

ಕುಣಿಗಲ್ ಬಸ್ಸಿನಲ್ಲಿ ಕೂತು ಆ್ಯಪ್ ತೆಗೆದೆ. ಆಗಲೂ ಹಸಿರೇ. ಅಷ್ಟು ದಿನ ನೋಡಿದರೂ ಆ ಅಂಕಿಯ ಕೆಳಗಿನ ಸಣ್ಣ ಸಾಲನ್ನು ನಾನು ಓದಿರಲಿಲ್ಲ. ಕನ್ನಡಕ ಹಣೆಗೇರಿಸಿ, ಫೋನು ಮೂಗಿನ ಹತ್ತಿರ ಹಿಡಿದು ಓದಿದೆ. ಈ ಊರಿನಲ್ಲಿ ಅಳೆಯುವ ಕೇಂದ್ರವಿಲ್ಲ, ದೂರದ ಕೇಂದ್ರಗಳ ಅಂಕಿಯಿಂದ ಮಾಡಿದ ಅಂದಾಜು ಎಂದಿತ್ತು. ಬೋರ್ಡಿನ ಸಣ್ಣ ಅಕ್ಷರವನ್ನು ಊರಿಗೆಲ್ಲ ಓದಿ ಹೇಳಿದ ಮನುಷ್ಯ, ತನ್ನ ಫೋನಿನ ಸಣ್ಣ ಅಕ್ಷರ ಓದಿರಲಿಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಹೆಬ್ಬೂರು ದಾಟುವವರೆಗೂ ಆ ಸಾಲನ್ನೇ ಮತ್ತೆ ಮತ್ತೆ ಓದಿದೆ.

ಆಸ್ಪತ್ರೆಯಲ್ಲಿ ಅವಳ ಮೂಗು ಬಾಯಿಗೆ ಔಷಧದ ಹಬೆ ಕೊಡುವ ಮಾಸ್ಕು ಹಾಕಿದ್ದರು. ಕುತ್ತಿಗೆಯ ಗುಳಿ ಉಸಿರಿಗೊಂದು ಸಲ ಒಳಕ್ಕೆ ಹೋಗುತ್ತಿತ್ತು. ನನ್ನನ್ನು ನೋಡಿ ಕಣ್ಣು ತೆರೆದಳು, ಮತ್ತೆ ಮುಚ್ಚಿದಳು. ನನಗೆ ಭಯವಾಯಿತು. ಅಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನವರು. "ಮನೇಲಿ ಸೌದೆ ಒಲೆ ಇದೆಯಾ?" ಎಂದು ಕೇಳಿದರು. ಇಷ್ಟಾದರೂ ನನ್ನ ಬಾಯಿ ಸುಮ್ಮನಿರಲಿಲ್ಲ.

"ಇಲ್ಲಿಯ ಗಾಳಿ ನಲವತ್ತೆಂಟು ಇತ್ತು ಡಾಕ್ಟ್ರೇ, ನೋಡೇ ಕರ್ಕೊಂಡು ಬಂದದ್ದು."

ಅವರು ಚೀಟಿ ಬರೆಯುತ್ತಲೇ, "ಯಾರು ಸಾರ್ ಅಳೆದಿದ್ದು?" ಎಂದರು. ನಾನು ಕೇಳುತ್ತಿದ್ದ ದನಿಯಲ್ಲೇ ಕೇಳಿದರು. ನನ್ನ ರೆಕಾರ್ಡ್ ಪುಸ್ತಕ ಕಿತ್ತುಕೊಂಡ ಹಾಗಾಯಿತು.

ಮಧ್ಯಾಹ್ನ ಅವಳ ಬಟ್ಟೆ ತರಲು ಅಕ್ಕನ ಮನೆಗೆ ಹೋದೆ. ಗಾಬರಿಯಲ್ಲಿ ಹೊರಟು ಬಂದಿದ್ದರೂ ಮೀಟರನ್ನು ಮಾತ್ರ ಮರೆಯದೆ ಜೇಬಿಗೆ ಹಾಕಿಕೊಂಡು ಬಂದಿದ್ದೆ, ಅಂಥ ಪ್ರಾಣಿ ನಾನು. ಅವಳನ್ನು ಮಲಗಿಸಿದ್ದ ಕೋಣೆಯ ಗೋಡೆಗೆ ಅಂಟಿಕೊಂಡೇ ಬಚ್ಚಲುಮನೆ. ಬಚ್ಚಲಲ್ಲಿ ತಾಮ್ರದ ಹಂಡೆ, ಅದರಡಿ ಬೆಳಗಿನಿಂದ ಆರದ ಒಲೆ, ಪಕ್ಕದಲ್ಲಿ ತೆಂಗಿನ ಮಟ್ಟೆ, ಕರಟ, ಒಣಗರಿಗಳ ರಾಶಿ. ಚಳಿಗಾಳಿ ತಂಗಿಗೆ ತಾಗಬಾರದೆಂದು ಕೋಣೆಯ ಕಿಟಕಿಗೆ ಗೋಣಿತಾಟು ಹೊಡೆದಿದ್ದರು. ಗುಂಡಿ ಒತ್ತಿದೆ. ಅಂಕಿ ನೂರು ದಾಟಿತು, ಮುನ್ನೂರು ದಾಟಿತು, ಆರುನೂರರ ಹತ್ತಿರ ಹೋಗಿ ನಿಂತಿತು. ಬಸ್‌ಸ್ಟ್ಯಾಂಡಿನಲ್ಲಾಗಲಿ, ಎದುರು ಮನೆಯವರ ಹೋಮದಲ್ಲಾಗಲಿ ನಾನು ಆ ಅಂಕಿಯನ್ನು ನೋಡಿರಲಿಲ್ಲ. ದೊಡ್ಡ ಅಂಕಿ ನೋಡಿ ಖುಷಿಯಾಗದಿದ್ದುದು ಅದೇ ಮೊದಲು.

ಅಕ್ಕ ಬಾಗಿಲಲ್ಲಿ ನಿಂತು ತಾವು ಮಾಡಿದ್ದನ್ನೆಲ್ಲ ಹೇಳಿದರು. ದಿನಕ್ಕೆ ಎರಡು ಸಲ ಸುಡುಸುಡು ನೀರಿನ ಸ್ನಾನ. ಸಂಜೆ ಕೋಣೆಗೆಲ್ಲ ಬೇವಿನೆಲೆ ಹಾಕಿ ಸಾಂಬ್ರಾಣಿ ಹೊಗೆ, ಗಾಳಿ ಶುದ್ಧಿಯಾಗಲಿ ಎಂದು. ಆದರೂ ಉಬ್ಬಸ ಇಳಿಯದಿದ್ದಾಗ ದೃಷ್ಟಿಯೇ ಆಗಿದೆಯೆಂದು, ಆವತ್ತು ಬೆಳಗ್ಗೆ ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಅದೇ ಒಲೆಗೆ ಹಾಕಿದ್ದರು. ಘಾಟು ಬಂದರೆ ದೃಷ್ಟಿಯಿಲ್ಲ, ಘಾಟು ಬಾರದಿದ್ದರೆ ದೃಷ್ಟಿ ತಾಗಿದೆ ಎಂದು ಲೆಕ್ಕ.

"ಘಾಟು ಬಂತಾ?" ಎಂದೆ.

"ಬಂತು ಮೇಷ್ಟ್ರೇ. ಭಾಳ ಬಂತು. ಆಗ್ಲೇ ಅವ್ಳು ಬಿದ್ದಿದ್ದು" ಎಂದು ಸೆರಗು ಬಾಯಿಗೆ ಒತ್ತಿಕೊಂಡರು.

ತುಮಕೂರಿನಲ್ಲಾಗಿದ್ದರೆ ಈ ಮಾತಿಗೆ ಒಂದು ವಾರ ನಗುತ್ತಿದ್ದೆ. ಮೀಟರನ್ನು ಅವರ ಮುಖದ ಮುಂದೆ ಹಿಡಿದು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮವ್ವ ನೆನಪಾದಳು. ಗುಬ್ಬಿಯ ನಮ್ಮ ಮನೆಯಲ್ಲಿ ಊದುಕೊಳವೆ ಹಿಡಿದು ಹಸಿ ಸೌದೆಯ ಮುಂದೆ ಅರ್ಧ ಆಯುಸ್ಸು ಕಳೆದವಳು. ಒಂದು ಬೀಡಿ ಮುಟ್ಟದೆ, ತುಮಕೂರಿನ ರಸ್ತೆಯನ್ನೇ ಹೆಚ್ಚು ಕಾಣದೆ, ದಮ್ಮು ಕಟ್ಟಿ ಸತ್ತಳು. ಅವಳ ಕೆಮ್ಮು ಕೇಳುತ್ತಲೇ ಬೆಳೆದ ನಾನು ಹೊಗೆಗೆ ಹಳ್ಳಿ ಪೇಟೆಗಳ ಭೇದವಿಲ್ಲವೆಂದು ಯಾವ ಪುಸ್ತಕವನ್ನೂ ಓದದೆ ತಿಳಿಯಬೇಕಾಗಿತ್ತು. ಹೆಂಡತಿ ನೀರೊಲೆ ಎಂದಾಗಲೇ ತಿಳಿಯಬೇಕಾಗಿತ್ತು.

ನನ್ನ ತೆರೆದ ಬಾಯಿ ನೋಡಿ ಅಕ್ಕನೇ ಮುಂದೆ ಹೇಳಿದರು. "ಮೊದ್ಲ ದಿನಾನೇ ಅವ್ಳು ಹೊಗೆ ಆಗಲ್ಲ ಕಣಕ್ಕ, ಹೊರ್ಗೆ ಜಗುಲಿ ಮೇಲೆ ಮಲಗ್ತೀನಿ ಅಂದ್ಲು. ನಾನೇ ಬ್ಯಾಡ ಅಂದೆ. ನೀವು ನೋಡೇ ತಂದು ಬಿಟ್ಟಿರೋದು ಅಂದಿದ್ರಲ್ಲ. ಓದಿದವ್ರು ಹೇಳವ್ರೆ, ಇನ್ನೇನು ಬುಡು ಅಂತ ಸುಮ್ನಾದೆ."

ನಾನು ಬಾಯಿ ಮುಚ್ಚಿದೆ. ಈ ಹೆಂಗಸಿನ ಪರೀಕ್ಷೆ ಮೂಢನಂಬಿಕೆಯೇ ಇರಲಿ, ರೋಗಿಯ ಎದುರು ನಿಂತು, ರೋಗಿಯ ಮುಖ ನೋಡಿ ಮಾಡಿದ್ದು. ತಪ್ಪಾಯಿತೆಂದು ಗೊತ್ತಾದ ಕೂಡಲೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದರು. ನನ್ನ ಪರೀಕ್ಷೆ ತುಮಕೂರಿನ ಕಿಟಕಿಯಲ್ಲಿ ನಿಂತು, ಇನ್ನೆಲ್ಲಿಯದೋ ಯಂತ್ರದ ಅಂಕಿ ಹಿಡಿದು ಮಾಡಿದ್ದು. ಮೀಟರನ್ನು ಜೇಬಿಗೆ ಹಾಕಿ, ಗೋಣಿತಾಟು ಕಿತ್ತು ಕಿಟಕಿ ತೆರೆದೆ. "ಒಲೆ ಆರಿಸ್ಲಾ?" ಎಂದು ಅಕ್ಕ ಕೇಳಿದರು. ಆರಿಸಿ ಎಂದೆ. ಅಷ್ಟೇ ಮಾತು ಸಾಕಿತ್ತು, ಐದು ದಿನದ ಹಿಂದೆ.

ಸಂಜೆಯ ಹೊತ್ತಿಗೆ ಅವಳ ಮಾಸ್ಕು ತೆಗೆದರು. ದನಿ ಇನ್ನೂ ಗೊಗ್ಗರಾಗಿತ್ತು. "ಅಕ್ಕನ್ನ ಏನೂ ಅನ್ಬೇಡಿ" ಎಂಬುದು ಮೊದಲ ಮಾತು. ಅನ್ನಲಿಲ್ಲ ಎಂದೆ. ನಂಬದವಳಂತೆ ನೋಡಿದಳು.

"ನಾಲ್ಕನೇ ದಿನ ಪರವಾಗಿಲ್ಲ ಅಂದೆಯಲ್ಲ, ಯಾಕೆ?" ಎಂದು ಕೇಳಿದೆ. ಕೇಳುವಾಗಲೂ ನನ್ನ ದನಿಯಲ್ಲಿ ಸ್ವಲ್ಪ ದೂರಿತ್ತು. ಬೈಯಲು ಬೇರೊಬ್ಬರು ಸಿಕ್ಕರೆ ಸಾಕೆಂದು ನನ್ನ ನಾಲಿಗೆ ಇನ್ನೂ ಹುಡುಕುತ್ತಿತ್ತು.

ಅವಳು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. "ನೀವು ನಲವತ್ತಾರು ಅಂದ್ರಿ. ನಂಗೆ ಎದೆ ಬಿಗೀತಿತ್ತು. ನಂಬರ್ ಸರಿ ಇದೆ ಅಂದ್ಮೇಲೆ ನಂದೇ ಏನೋ ಸುಳ್ಳಿರ್ಬೇಕು, ಮನಸ್ಸಿಂದೇ ಇರ್ಬೇಕು ಅಂದ್ಕೊಂಡೆ. ಪಫ್ ಕೂಡ ತಗೊಳ್ಳಿಲ್ಲ. ಇಲ್ದಿರೋ ಕಾಯಿಲೆಗೆ ಯಾಕೆ ಅಂತ."

ಇದನ್ನು ಅವಳು ಬೇಸರದಿಂದ ಹೇಳಲಿಲ್ಲ. ಬ್ಲೌಸಿನ ತೋಳು ಯಾಕೆ ಬಿಗಿಯಾಯಿತೆಂದು ವಿವರಿಸುವ ಹಾಗೆ ಹೇಳಿದಳು. ಬಂದವರನ್ನೆಲ್ಲ ನಿಲ್ಲಿಸಿ ಅವರವರ ಮೈಗೇ ಟೇಪು ಹಿಡಿಯುವ ಹೆಂಗಸು, ತನ್ನ ಎದೆಯ ಅಳತೆಯನ್ನು ನನ್ನ ಮಾತಿನಿಂದಾಗಿ ಸುಳ್ಳೆಂದು ಬಿಟ್ಟುಕೊಟ್ಟಿದ್ದಳು. ಬಾಕಿಯವರ ದಡ್ಡತನವನ್ನು ಮೂವತ್ತೊಂದು ವರ್ಷ ಎಣಿಸಿದ ನಾನು, ನನ್ನದನ್ನು ಮಾತ್ರ ಆ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಎಣಿಸಬೇಕಾಯಿತು. ಟೀ ಅಂಗಡಿಯ ಮಹಾಶಯರು ಅಂಕಿಯನ್ನು ತಪ್ಪಾಗಿ ಓದಿದರು, ಅದರಿಂದ ಯಾರಿಗೂ ಉಸಿರು ಕಟ್ಟಲಿಲ್ಲ. ನಾನು ಸರಿಯಾಗಿ ಓದಿದೆ.

ಆಸ್ಪತ್ರೆ ಸೇರಿದ ನಾಲ್ಕನೆಯ ದಿನ ಡಿಸ್ಚಾರ್ಜ್ ಆಯಿತು. ತುಮಕೂರಿನ ಬಸ್‌ಸ್ಟ್ಯಾಂಡಿನಿಂದ ಆಟೋ ಹಿಡಿದೆವು. ಪಫ್ ಅವಳ ಕೈಯಲ್ಲೇ ಇತ್ತು. ಎದುರು ಮನೆಯವರ ನೋಟ್‌ಬುಕ್ಕಿನಲ್ಲಿ ಮೂರು ದಿನದ ಜಾಗ ಖಾಲಿ ಉಳಿದಿತ್ತು. ಬೇಕಿದ್ದರೆ ಪಕ್ಕದ ದಿನದ್ದನ್ನು ನೋಡಿ ತುಂಬಿಸಬಹುದು ಎಂದು ಒಂದು ಕ್ಷಣ ನನ್ನ ಮನಸ್ಸಿಗೆ ಬಂತೆಂದರೆ ನೀವು ನಂಬುವುದಿಲ್ಲ. ನನಗೇ ಅಸಹ್ಯವಾಯಿತು.

ಸರ್ಕಲ್ಲಿನಲ್ಲಿ ಕೆಂಪು ದೀಪ ಬಿತ್ತು. ಮುಂದೆ ಒಂದು ಜಲ್ಲಿ ಲಾರಿ ನಿಂತು ಹೊಗೆ ಬಿಡುತ್ತಿತ್ತು. ಅವಳು ಸೆರಗನ್ನು ಮೂಗಿಗೆ ಹಿಡಿದು ಒಂದು ಸಲ ಕೆಮ್ಮಿದಳು. ನಾನು ಬೋರ್ಡಿನ ಕಡೆ ನೋಡಲಿಲ್ಲ. ಅವಳ ಕಡೆ ತಿರುಗಿ, "ಈಗ ಉಸಿರು ಹೇಗಿದೆ ನಿಂಗೆ?" ಎಂದು ಕೇಳಿದೆ. ಮದುವೆಯಾದ ಇಷ್ಟು ವರ್ಷದಲ್ಲಿ ಬೇರೇನನ್ನೂ ನೋಡದೆ ಅವಳನ್ನೇ ನೋಡಿ ಕೇಳಿದ್ದು ಅದೇ ಮೊದಲಿರಬೇಕು.

ಹಂಗಿಸುವ ಅಭ್ಯಾಸ ಅವಳಿಗಿಲ್ಲ, ಅದು ನನ್ನದು. ಅವಳು ಆಟೋದಿಂದ ಕತ್ತು ಹೊರಗೆ ಚಾಚಿ, ಕಣ್ಣು ಕಿರಿದು ಮಾಡಿ ಬೋರ್ಡನ್ನು ಓದಿದಳು.

"ತೊಂಬತ್ತಾರು ಇದೆ ಕಣ್ರೀ" ಎಂದಳು. "ಚೆನ್ನಾಗೇ ಇರ್ಬೇಕು ನಾನು."